ಅಡಂಗಲಿನಿಂದ ಗಣಕಕ್ಕೆ: ಬಂಟ್ವಾಳ ಪರಿಸರದ ಭೂದಾಖಲೆ ಮತ್ತು ದೈನಂದಿನ ಬದುಕು

ಕರ್ನಾಟಕದಲ್ಲಿ ಗಣಕಯಂತ್ರದ ಚರಿತ್ರೆಯನ್ನು ಬರೆಯುವಾಗ ಬೆಂಗಳೂರಿನ ಸಾಫ್ಟ್‌ವೇರ್ ಉದ್ಯಮದಿಂದ ಆರಂಭಿಸುವುದು ವಾಡಿಕೆ. ಆದರೆ ಗ್ರಾಮೀಣ ಕೃಷಿಕನಿಗೆ ಈ ಯಂತ್ರದ ಪರಿಚಯವಾದದ್ದು ಬಹುಮಟ್ಟಿಗೆ ಪಹಣಿಯ ಮೂಲಕ. ಬಂಟ್ವಾಳ ತಾಲೂಕಿನ ಆಡಳಿತ ಕೇಂದ್ರವಾದ ಬಿ.ಸಿ.ರೋಡ್, ಅಂದರೆ ಬಂಟ್ವಾಳ ಕ್ರಾಸ್ ರೋಡ್, ಈ ಪಲ್ಲಟವನ್ನು ಪರಿಶೀಲಿಸಲು ತಕ್ಕ ನೆಲೆಯಾಗಿದೆ.

ದಕ್ಷಿಣ ಕನ್ನಡವು 1956ರವರೆಗೆ ಮದ್ರಾಸ್ ಆಡಳಿತಕ್ಕೆ ಒಳಪಟ್ಟಿತ್ತು. ವರ್ಗ, ಮೂಲಗೇಣಿ, ಚಾಲಗೇಣಿ, ಕುಮ್ಕಿ ಮೊದಲಾದ ಪರಿಭಾಷೆಗಳೂ ಅಡಂಗಲ್ ಎಂಬ ಲೆಕ್ಕಪುಸ್ತಕವೂ ಇಲ್ಲಿನ ಜನರ ನಿತ್ಯದ ಮಾತಿನಲ್ಲಿ ಬೆರೆತಿದ್ದವು. 1964ರ ಭೂಕಂದಾಯ ಕಾಯಿದೆಯ ಬಳಿಕ ಆರ್.ಟಿ.ಸಿ. ರೂಢಿಗೆ ಬಂದಿತು. ಭೂಸುಧಾರಣಾ ಕಾಯಿದೆಯ ತಿದ್ದುಪಡಿಯು 1974ರ ಮಾರ್ಚ್ 1ರಂದು ಜಾರಿಗೆ ಬಂದಾಗ ಗೇಣಿದಾರರು ಭೂನ್ಯಾಯಮಂಡಳಿಗಳ ಮುಂದೆ ಅರ್ಜಿ ಸಲ್ಲಿಸಿದರು. ಸಾಗುವಳಿದಾರನನ್ನು ನಮೂದಿಸುವ 12ನೇ ಅಂಕಣದ ಹೆಸರು ಸ್ವಾಧೀನದಾರನ 9ನೇ ಅಂಕಣಕ್ಕೆ ಏರಿದ್ದು ಅಂಥ ಕುಟುಂಬಗಳ ಪಾಲಿಗೆ ಕೇವಲ ಬರವಣಿಗೆಯ ಬದಲಾವಣೆಯಾಗಿರಲಿಲ್ಲ. ಅದು ಒಂದು ತಲೆಮಾರಿನ ಸ್ಥಾನಮಾನದ ಪ್ರಶ್ನೆಯಾಗಿತ್ತು.

ಇಂತಹ ದಾಖಲೆ ದೀರ್ಘಕಾಲ ಕೈಬರಹದಲ್ಲಿ, ಗ್ರಾಮಲೆಕ್ಕಿಗರ ವಶದಲ್ಲಿ ಉಳಿದಿತ್ತು. ನಕಲು ದೊರೆಯುವುದು ಅವರ ಲಭ್ಯತೆಯನ್ನೂ ಮರ್ಜಿಯನ್ನೂ ಅವಲಂಬಿಸಿತ್ತು. ರಾಜ್ಯ ಸರ್ಕಾರದ 'ಭೂಮಿ' ಯೋಜನೆ ಈ ಕ್ರಮವನ್ನು ಮುರಿಯಿತು. ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರದ ತಂತ್ರಾಂಶದ ನೆರವಿನಿಂದ ಸುಮಾರು 67 ಲಕ್ಷ ಭೂಹಿಡುವಳಿದಾರರ ಸುಮಾರು 2 ಕೋಟಿ ದಾಖಲೆಗಳು ಗಣಕಕ್ಕೆ ಸೇರಿದವು. 2001ರ ವೇಳೆಗೆ ತಾಲೂಕು ಕಛೇರಿಗಳಲ್ಲಿ ಕೇಂದ್ರಗಳು ತೆರೆದವು. 15 ರೂಪಾಯಿ ಶುಲ್ಕಕ್ಕೆ ಮುದ್ರಿತ ಪಹಣಿ ದೊರೆಯತೊಡಗಿತು. ಕೈಬರಹದ ಪಹಣಿಯ ಮಾನ್ಯತೆ ರದ್ದಾಯಿತು. ಸಿಬ್ಬಂದಿ ಬೆರಳಚ್ಚು ನೀಡಿಯೇ ಗಣಕವನ್ನು ತೆರೆಯಬೇಕಿತ್ತು. ಖಾತೆ ಬದಲಾವಣೆಯ ಅರ್ಜಿಗಳನ್ನು ಸರದಿಯಂತೆಯೇ ವಿಲೇವಾರಿ ಮಾಡಬೇಕಿತ್ತು.

ಸಹಕಾರಿ ಸಂಘದಲ್ಲಿ ಬೆಳೆಸಾಲ ಕೋರುವ ಅಡಿಕೆ ಕೃಷಿಕನಿಗೆ ಇದರ ಪ್ರಯೋಜನ ನೇರವಾಗಿ ತಟ್ಟಿತು. ಹಾಗೆಂದು ಅಧಿಕಾರವು ಇಲ್ಲವಾಗಲಿಲ್ಲ, ಅದು ಸ್ಥಳ ಬದಲಿಸಿತು. ಹಳ್ಳಿಯಲ್ಲಿ ಲೆಕ್ಕಿಗರನ್ನು ಕಾಯುವ ಬದಲು ವಿಟ್ಲದ ಕಡೆಯ ಕೃಷಿಕ ಬಸ್ಸು ಹಿಡಿದು ಬಿ.ಸಿ.ರೋಡಿಗೆ ಬರಬೇಕಾಯಿತು. ಹಳೆಯ ಪುಸ್ತಕದ ತಪ್ಪು ಗಣಕಕ್ಕೆ ನಕಲಾದರೆ ಅದು ಮುದ್ರಿತ ಸತ್ಯವಾಗಿ ನಿಲ್ಲುತ್ತಿತ್ತು. ಅದನ್ನು ತಿದ್ದಿಸಲು ಮತ್ತೆ ಕಂದಾಯ ಅಧಿಕಾರಿಗಳ ಮುಂದೆಯೇ ನಿಲ್ಲಬೇಕಿತ್ತು. ಅಳಿಯಸಂತಾನದ ಅವಿಭಕ್ತ ಕುಟುಂಬಗಳಂತೆ ಹಕ್ಕುದಾರರು ಹಲವರಿದ್ದಲ್ಲಿ ಒಂದು ಹೆಸರು ಬಿಟ್ಟುಹೋಗುವುದೂ ಅಲ್ಪ ವಿಷಯವಲ್ಲ.

ಕುಮ್ಕಿಯ ವಿಷಯ ಇನ್ನೂ ಗಮನಾರ್ಹ. ವರ್ಗ ಭೂಮಿಯ ಅಂಚಿನಿಂದ 100 ಗಜದೊಳಗಿನ ಸರ್ಕಾರಿ ಜಾಗದಿಂದ ವರ್ಗದಾರನು ಸೊಪ್ಪು, ಕಟ್ಟಿಗೆ ಪಡೆಯುವ ಸವಲತ್ತಿದು. 1964ರ ಕಾಯಿದೆಯ 79ನೇ ಕಲಮು ಇದನ್ನು ಉಳಿಸಿಕೊಂಡಿತು. ತೋಟಕ್ಕೆ ಹಸುರು ಗೊಬ್ಬರವೂ ಹಟ್ಟಿಗೆ ಸೊಪ್ಪೂ ಬರುವುದು ಇಲ್ಲಿಂದಲೇ. ಆದರೆ ಗಣಕದ ಅಂಕಣ ಒಡೆತನವನ್ನು ಕೇಳುತ್ತದೆ, ವಾಡಿಕೆಯನ್ನಲ್ಲ. ಆ ಜಾಗ ಅಲ್ಲಿ ಸರ್ಕಾರಿ ಎಂದಷ್ಟೇ ತೋರುತ್ತದೆ. ಈ ಕುರುಡು ಯಂತ್ರ ತಂದುದಲ್ಲ. ಕಾಗದದ ಕಾಲದಿಂದಲೇ ಬಂದ ನಮೂನೆಯ ಮಿತಿಯನ್ನು ಯಂತ್ರ ಗಟ್ಟಿಗೊಳಿಸಿತು.

ಮುಂದಿನ ವರ್ಷಗಳಲ್ಲಿ ಸೇವೆ ಮತ್ತೆ ಹಳ್ಳಿಯತ್ತ ಸರಿಯಿತು. 2012ರಲ್ಲಿ ಆರಂಭವಾದ ಅಟಲ್‌ಜೀ ಜನಸ್ನೇಹಿ ಕೇಂದ್ರಗಳು ನಾಡಕಛೇರಿಗಳನ್ನು ಗಣಕಜಾಲಕ್ಕೆ ಸೇರಿಸಿದವು. ಬಳಿಕ ಪಹಣಿಯನ್ನು ಮೊಬೈಲಿನಲ್ಲೇ ನೋಡುವ ಅನುಕೂಲ ಬಂದಿತು. 2024ರಲ್ಲಿ 'ಭೂ ಸುರಕ್ಷಾ' ಯೋಜನೆಯಡಿ ಹಳೆಯ ಕಡತಗಳ ಸ್ಕ್ಯಾನಿಂಗ್ ಆರಂಭವಾಯಿತು. ಹಿಂದೆ ಮಾನ್ಯತೆ ಕಳೆದುಕೊಂಡ ಕೈಬರಹವನ್ನು ಸಾಕ್ಷ್ಯವಾಗಿ ಕಾಪಾಡುವ ಅಗತ್ಯ ಹೀಗೆ ಮನವರಿಕೆಯಾದುದು ಅರ್ಥಪೂರ್ಣ. ಗಣಕವು ನಕಲನ್ನು ಸುಲಭಗೊಳಿಸಿತು. ಹಕ್ಕಿನ ಮೂಲವನ್ನು ಅರಿಯಲು ಇಂದಿಗೂ ಅಡಂಗಲಿನ ಹಳೆಯ ಹಾಳೆಗಳನ್ನೇ ಓದಬೇಕಾಗಿದೆ. ಅವುಗಳನ್ನು ಓದಬಲ್ಲವರ ಸಂಖ್ಯೆ ಕ್ಷೀಣಿಸುವ ಮುನ್ನ, ಸ್ಥಳೀಯ ಪರಿಭಾಷೆಗಳ ಅರ್ಥಸಹಿತವಾದ ಸಂಗ್ರಹ ಆಗಬೇಕಾದುದು ಇತಿಹಾಸಕಾರರ ಹೊಣೆ.