ಹ್ಯಾಲೋವೀನ್ ಮೇಕಪ್ (ಸ್ಪೆಷಲ್ ಎಫೆಕ್ಟ್ಸ್)

ಅಮೆರಿಕ ಮೊದಲಾದ ದೇಶಗಳಲ್ಲಿ ಅಕ್ಟೋಬರ್ 31ರಂದು ಆಚರಿಸುವ ಹ್ಯಾಲೋವೀನ್‌ಗಾಗಿ ಮುಖ, ಕೈಗಳ ಮೇಲೆ ಗಾಯ, ಸುಟ್ಟ ಕಲೆ, ಮುಪ್ಪು, ಕೊಳೆತ ಚರ್ಮ ಮುಂತಾದವನ್ನು ಮೂಡಿಸುವ ಬಣ್ಣಗಾರಿಕೆ. ಬಣ್ಣ ಬಳಿಯುವುದರ ಜೊತೆಗೆ ಚರ್ಮದ ಮೇಲೆ ಇನ್ನೊಂದು ಪದರವನ್ನೇ ಕಟ್ಟುವುದು ಇದರ ವಿಶೇಷ. ಹೊಸಬರು ಸಾಮಾನ್ಯವಾಗಿ ನಕಲಿ ರಕ್ತದಿಂದ ಶುರುಮಾಡುತ್ತಾರೆ. ಆದರೆ ನೋಡುವವರನ್ನು ನಂಬಿಸುವುದು ಅಂಚು. ಕಟ್ಟಿದ ಪದರ ಎಲ್ಲಿ ಮುಗಿಯಿತು, ನಿಜವಾದ ಚರ್ಮ ಎಲ್ಲಿ ಶುರುವಾಯಿತು ಎಂಬುದು ಕಣ್ಣಿಗೆ ಬೀಳಬಾರದು.

ಅಂಚಿನ ಈ ಮಹತ್ವಕ್ಕೆ ಸಿನಿಮಾದ ಚರಿತ್ರೆಯೇ ಪುರಾವೆ. 1931ರ ‘ಫ್ರಾಂಕನ್‌ಸ್ಟೈನ್’ ಚಿತ್ರಕ್ಕಾಗಿ ಮೇಕಪ್ ಕಲಾವಿದ ಜ್ಯಾಕ್ ಪಿಯರ್ಸ್ ನಟ ಬೋರಿಸ್ ಕಾರ್ಲಾಫ್ ಅವರ ತಲೆಯ ಮೇಲೆ ಹತ್ತಿ ಮತ್ತು ಕೊಲೋಡಿಯನ್ ದ್ರವವನ್ನು ಪದರಪದರವಾಗಿ ಕೂರಿಸಿ ಹಣೆಯನ್ನು ಎತ್ತರಿಸಿದರು. ಫೋಮ್ ಲ್ಯಾಟೆಕ್ಸ್ (ನೊರೆಯೆಬ್ಬಿಸಿದ ರಬ್ಬರ್) ಬಂದಮೇಲೆ ಅಚ್ಚಿನಲ್ಲಿ ಬೇಯಿಸಿ ತೆಗೆದ ತುಂಡುಗಳನ್ನು ಮೊದಲೇ ಸಿದ್ಧಮಾಡಿಟ್ಟುಕೊಂಡು ಅಂಟಿಸುವುದು ಸಾಧ್ಯವಾಯಿತು. ಆದರೆ ಇಡೀ ಮುಖಕ್ಕೆ ಒಂದೇ ತುಂಡು ಹಾಕಿದರೆ ಕೆನ್ನೆ, ತುಟಿಗಳ ಚಲನೆ ಅದರಡಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಇದಕ್ಕೆ ಪರಿಹಾರವಾಗಿ ಮೇಕಪ್ ಕಲಾವಿದ ಡಿಕ್ ಸ್ಮಿತ್ (1922–2014) ಮುಖವನ್ನು ಹಲವು ತೆಳು ತುಂಡುಗಳಾಗಿ ವಿಂಗಡಿಸಿ, ಒಂದರ ಅಂಚಿನ ಮೇಲೆ ಇನ್ನೊಂದನ್ನು ಹೊಂದಿಸಿದರು. 1970ರ ‘ಲಿಟಲ್ ಬಿಗ್ ಮ್ಯಾನ್’ ಚಿತ್ರದಲ್ಲಿ ಡಸ್ಟಿನ್ ಹಾಫ್‌ಮನ್ 121 ವರ್ಷದ ಮುದುಕನಾಗಿ ಕಾಣಿಸಿಕೊಂಡದ್ದು ಈ ವಿಧಾನದಿಂದ. ಕಲಿಯುವವರಿಗೆ ಸ್ಮಿತ್ ಇನ್ನೊಂದು ಕಾರಣಕ್ಕೂ ಮುಖ್ಯರು: ಈ ಕಸುಬಿನ ಗುಟ್ಟುಗಳನ್ನು ಅವರು ಬಚ್ಚಿಡಲಿಲ್ಲ. 1965ರಲ್ಲಿ ಮಕ್ಕಳೂ ಮಾಡಿ ನೋಡಬಹುದಾದ ರಾಕ್ಷಸ ಮೇಕಪ್ ಕೈಪಿಡಿ ಹೊರತಂದರು. ಹದಿಹರೆಯದಲ್ಲೇ ಪತ್ರ ಬರೆದು ಅವರ ಶಿಷ್ಯನಂತಾದ ರಿಕ್ ಬೇಕರ್, 1981ರ ‘ಆ್ಯನ್ ಅಮೆರಿಕನ್ ವೇರ್‌ವುಲ್ಫ್ ಇನ್ ಲಂಡನ್’ ಚಿತ್ರಕ್ಕಾಗಿ, ಆಗಷ್ಟೇ ಆರಂಭವಾಗಿದ್ದ ಮೇಕಪ್ ವಿಭಾಗದ ಮೊದಲ ಆಸ್ಕರ್ ಪಡೆದರು.

ಆರಂಭಕ್ಕೆ ದ್ರವರೂಪದ ಲ್ಯಾಟೆಕ್ಸ್ ಮತ್ತು ಟಿಶ್ಯೂ ಕಾಗದ ಸಾಕು. ಸ್ಪಂಜಿನಿಂದ ಲ್ಯಾಟೆಕ್ಸನ್ನು ತೆಳುವಾಗಿ ಒತ್ತಿ, ಒಂದೇ ಪದರಕ್ಕೆ ಬಿಡಿಸಿದ ಟಿಶ್ಯೂ ಕೂರಿಸಿ, ಮೇಲೆ ಮತ್ತೆ ಲ್ಯಾಟೆಕ್ಸ್ ಒತ್ತಿ ಒಣಗಿಸಬೇಕು. ಕಾಗದವನ್ನು ಕತ್ತರಿಸದೆ ಹರಿಯಬೇಕು. ಹರಿದ ಅಂಚಿನ ಎಳೆಗಳು ಚರ್ಮದಲ್ಲಿ ಕರಗಿದಂತೆ ಕಾಣುತ್ತವೆ, ಕತ್ತರಿಯ ಗೆರೆ ಎದ್ದು ನಿಲ್ಲುತ್ತದೆ. ಮಧ್ಯದಲ್ಲಿ ಪದರಗಳು ಹೆಚ್ಚಿರಲಿ, ಹೊರಗೆ ಹೋದಂತೆ ಕಡಿಮೆಯಾಗಲಿ. ಒಣಗಿದ ಮೇಲೆ ಪೌಡರ್ ಹಾಕಿ, ಕಟ್ಟಿದ ಪದರವನ್ನು ನಡುವೆ ಸೀಳಿ, ಆಳಕ್ಕೆ ಕಪ್ಪುಗೆಂಪು ತುಂಬಬೇಕು. ಹೊಸ ಪೆಟ್ಟಿನ ಗುರುತು ಕೆಂಪು, ನೇರಳೆ. ದಿನ ಕಳೆದಂತೆ ರಕ್ತದ ಹಿಮೋಗ್ಲೋಬಿನ್ ಒಡೆದು ಹಸಿರು, ಹಳದಿಗೆ ತಿರುಗುತ್ತದೆ. ಗಾಯ ಎಷ್ಟು ಹಳೆಯದು ಎಂದು ಮೊದಲೇ ನಿರ್ಧರಿಸದಿದ್ದರೆ ಬಣ್ಣ ಸುಳ್ಳಾಗುತ್ತದೆ. ರಕ್ತ ಕೊನೆಗೆ, ಅದೂ ಸ್ವಲ್ಪವೇ.

ರಾತ್ರಿಯ ಮಂದ ಬೆಳಕಿನಲ್ಲಿ ಇಷ್ಟು ಸೂಕ್ಷ್ಮ ಯಾರು ನೋಡುತ್ತಾರೆ, ಅಂಗಡಿಯ ರಬ್ಬರ್ ಮುಖವಾಡ ಸಾಲದೇ ಎಂದು ಕೇಳಬಹುದು. ದೂರದಿಂದ ನೋಡುವವರ ಮಟ್ಟಿಗೆ ಇದು ಸರಿಯೇ. ಆದರೆ ಹ್ಯಾಲೋವೀನ್ ವೇಷವನ್ನು ಜನ ನೋಡುವುದು ಬಾಗಿಲ ದೀಪದಡಿ, ಮಾತಾಡುವಷ್ಟು ಹತ್ತಿರದಿಂದ. ಅಲ್ಲಿ ಎದ್ದ ಅಂಚಿನ ನೆರಳು ತಕ್ಷಣ ಕಾಣುತ್ತದೆ. ಮುಖವಾಡವಂತೂ ಮಾತಿಗೆ ಮಿಡಿಯುವುದಿಲ್ಲ.

ಸುರಕ್ಷತೆಯ ವಿಷಯದಲ್ಲಿ ರಿಯಾಯಿತಿ ಸಲ್ಲದು. ಲ್ಯಾಟೆಕ್ಸ್ ಅಲರ್ಜಿ ಅಪಾಯಕಾರಿ. ಅದು ಇರುವವರು ಲ್ಯಾಟೆಕ್ಸನ್ನು ಮುಟ್ಟಲೇಬಾರದು, ಉಳಿದವರೂ ಮೊದಲು ತೋಳಿನ ಮೇಲೆ ಸ್ವಲ್ಪ ಹಚ್ಚಿ ಪರೀಕ್ಷಿಸಬೇಕು. ಅದರಲ್ಲಿರುವ ಅಮೋನಿಯಾ ಕಣ್ಣಿಗೆ ಉರಿ ತರುವುದರಿಂದ ರೆಪ್ಪೆಗಳ ಹತ್ತಿರ ಹಚ್ಚಬಾರದು. ಹುಬ್ಬಿಗೆ ಮೊದಲೇ ವ್ಯಾಸಲೀನ್ ಸವರದಿದ್ದರೆ ತೆಗೆಯುವಾಗ ಕೂದಲೂ ಕಿತ್ತು ಬರುತ್ತದೆ. ಅಲಂಕಾರದ ಕಾಂಟ್ಯಾಕ್ಟ್ ಲೆನ್ಸ್ ಕೂಡ ಅಮೆರಿಕದ ಕಾನೂನಿನಲ್ಲಿ ವೈದ್ಯಕೀಯ ಸಾಧನ. ಕಣ್ಣಿನ ತಜ್ಞರ ಚೀಟಿಯಿಲ್ಲದೆ ಅದನ್ನು ಮಾರುವಂತಿಲ್ಲ.