ಹೌಸ್‌ಬೋಟ್ ಕೊಠಡಿಗಳಲ್ಲಿ ಹೀಟರ್ ಮತ್ತು ಥರ್ಮೋಸ್ಟಾಟ್ ಬಳಕೆ: ಚಳಿಗಾಲದಲ್ಲಿ ಶ್ರೀನಗರಕ್ಕೆ ತೆರಳುವ ಪ್ರವಾಸಿಗರಿಗೆ ಮಾಹಿತಿ

1. ಪೀಠಿಕೆ

ಜಮ್ಮು ಮತ್ತು ಕಾಶ್ಮೀರ ಕೇಂದ್ರಾಡಳಿತ ಪ್ರದೇಶದ ಶ್ರೀನಗರದಲ್ಲಿ ದಾಲ್ ಮತ್ತು ನಿಗೀನ್ ಸರೋವರಗಳ ಹೌಸ್‌ಬೋಟ್‌ಗಳಲ್ಲಿ ತಂಗಲು ಕರ್ನಾಟಕದಿಂದಲೂ ಪ್ರವಾಸಿಗರು ತೆರಳುತ್ತಾರೆ. ಶ್ರೀನಗರವು ಸಮುದ್ರಮಟ್ಟದಿಂದ ಸುಮಾರು 1,585 ಮೀಟರ್ ಎತ್ತರದಲ್ಲಿದೆ. ಡಿಸೆಂಬರ್ 21ರಿಂದ ಆರಂಭವಾಗುವ 40 ದಿನಗಳ ತೀವ್ರ ಚಳಿಯ ಅವಧಿಯನ್ನು ಅಲ್ಲಿ ‘ಚಿಲ್ಲೈ ಕಲಾನ್’ ಎಂದು ಕರೆಯಲಾಗುತ್ತದೆ. ಈ ಅವಧಿಯಲ್ಲಿ ರಾತ್ರಿಯ ಉಷ್ಣಾಂಶವು ಶೂನ್ಯಕ್ಕಿಂತ ಕೆಳಗಿಳಿಯುವುದು ಸಾಮಾನ್ಯ. ಕೊಠಡಿಯನ್ನು ಸುರಕ್ಷಿತವಾಗಿ ಬೆಚ್ಚಗಿರಿಸುವ ಕ್ರಮಗಳನ್ನು ಸಾರ್ವಜನಿಕರ ಅನುಕೂಲಕ್ಕಾಗಿ ಇಲ್ಲಿ ವಿವರಿಸಲಾಗಿದೆ.

2. ಹೌಸ್‌ಬೋಟಿನ ವಿಶೇಷತೆ

ಹೌಸ್‌ಬೋಟ್‌ಗಳನ್ನು ಮುಖ್ಯವಾಗಿ ದೇವದಾರು ಮರದಿಂದ ನಿರ್ಮಿಸಲಾಗುತ್ತದೆ. ಗೋಡೆ, ನೆಲ, ಚಾವಣಿ ಎಲ್ಲವೂ ಮರದ್ದೇ ಆಗಿರುವುದರಿಂದ ಬೆಂಕಿ ಶೀಘ್ರವಾಗಿ ಹರಡುತ್ತದೆ. ದೋಣಿಗಳು ಸಾಲಾಗಿ ನಿಂತಿರುವುದರಿಂದ ಒಂದರಿಂದ ಮತ್ತೊಂದಕ್ಕೂ ತಗಲುತ್ತದೆ. 2023ರ ನವೆಂಬರ್ 11ರಂದು ದಾಲ್ ಸರೋವರದಲ್ಲಿ ಸಂಭವಿಸಿದ ಅಗ್ನಿ ದುರಂತದಲ್ಲಿ ಮೂವರು ಪ್ರವಾಸಿಗರು ಮೃತಪಟ್ಟರು. ಹಲವು ಹೌಸ್‌ಬೋಟ್‌ಗಳು ಭಸ್ಮವಾದವು.

3. ಬಳಕೆಯಲ್ಲಿರುವ ಉಪಕರಣಗಳು

ಅ) ಬುಖಾರಿ: ಕಟ್ಟಿಗೆ ಅಥವಾ ಕಲ್ಲಿದ್ದಲು ಉರಿಸುವ ಲೋಹದ ಒಲೆ. ಇದರ ಹೊಗೆಯು ಕೊಳವೆಯ ಮೂಲಕ ಹೊರಹೋಗುತ್ತದೆ.
ಆ) ಕಾಂಗ್ರಿ: ಹೆಣೆದ ಬುಟ್ಟಿಯೊಳಗಿನ ಮಣ್ಣಿನ ಕುಡಿಕೆಯಲ್ಲಿ ಇದ್ದಿಲಿನ ಕೆಂಡವಿರುವ ಅಗ್ಗಿಷ್ಟಿಕೆ. ಇದಕ್ಕೆ ಹೊಗೆಕೊಳವೆ ಇರುವುದಿಲ್ಲ.
ಇ) ಅಡುಗೆ ಅನಿಲದ ಹೀಟರ್.
ಈ) ವಿದ್ಯುತ್ ಹೀಟರ್ ಹಾಗೂ ವಿದ್ಯುತ್ ಕಂಬಳಿ. ಎಣ್ಣೆ ತುಂಬಿದ ರೇಡಿಯೇಟರ್ ಮಾದರಿಯ ಹೀಟರ್‌ಗಳಲ್ಲಿ ಸಾಮಾನ್ಯವಾಗಿ ಥರ್ಮೋಸ್ಟಾಟ್ ಇರುತ್ತದೆ.

4. ಥರ್ಮೋಸ್ಟಾಟ್ ಕಾರ್ಯವಿಧಾನ

ಸರಳ ಥರ್ಮೋಸ್ಟಾಟಿನಲ್ಲಿ ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗುವ ಎರಡು ಲೋಹಗಳನ್ನು ಬೆಸೆದ ಪಟ್ಟಿ ಇರುತ್ತದೆ. ಕಾದಾಗ ಪಟ್ಟಿಯು ಬಾಗಿ ವಿದ್ಯುತ್ ಸಂಪರ್ಕವನ್ನು ಕಡಿಯುತ್ತದೆ. ತಣಿದಾಗ ಮತ್ತೆ ಕೂಡಿಸುತ್ತದೆ. ಗುಂಡಿಯ ಮೇಲಿನ 1, 2, 3 ಮುಂತಾದ ಅಂಕಿಗಳು ಉಷ್ಣಾಂಶದ ಡಿಗ್ರಿಗಳಲ್ಲ. ಗುಂಡಿಯನ್ನು ಗರಿಷ್ಠ ಮಟ್ಟಕ್ಕೆ ತಿರುಗಿಸಿದ ಮಾತ್ರಕ್ಕೆ ಕೊಠಡಿಯು ಬೇಗ ಕಾಯುವುದಿಲ್ಲ. ಹೀಟರ್ ಹೆಚ್ಚು ಹೊತ್ತು ಚಾಲನೆಯಲ್ಲಿರುತ್ತದೆ, ಅಷ್ಟೆ.

ಕೊಠಡಿಯು ಹಿತಕರವಾಗಿ ಬೆಚ್ಚಗಾದ ನಂತರ ‘ಟಿಕ್’ ಎಂಬ ಶಬ್ದ ಕೇಳುವವರೆಗೆ ಗುಂಡಿಯನ್ನು ನಿಧಾನವಾಗಿ ಹಿಂದಕ್ಕೆ ತಿರುಗಿಸಿ, ಅಲ್ಲಿಯೇ ಬಿಡುವುದು ಸೂಕ್ತ ವಿಧಾನ. 2,000 ವ್ಯಾಟ್ ಹೀಟರ್ ನಿರಂತರ ಉರಿದಲ್ಲಿ ಗಂಟೆಗೆ 2 ಯೂನಿಟ್ ವಿದ್ಯುತ್ ವ್ಯಯವಾಗುತ್ತದೆ. ಥರ್ಮೋಸ್ಟಾಟ್ ಅರ್ಧ ಸಮಯ ಕಡಿತಗೊಳಿಸಿದಲ್ಲಿ 1 ಯೂನಿಟ್ ಮಾತ್ರ ಸಾಕು.

ವಿಶೇಷ ಗಮನಕ್ಕೆ: ಥರ್ಮೋಸ್ಟಾಟ್ ಉಷ್ಣಾಂಶವನ್ನು ಮಾತ್ರ ಗ್ರಹಿಸುತ್ತದೆ. ವಿಷಾನಿಲವನ್ನಾಗಲೀ, ಹೊಗೆಯನ್ನಾಗಲೀ, ತಂತಿಯ ದೋಷವನ್ನಾಗಲೀ ಅದು ಗುರುತಿಸುವುದಿಲ್ಲ.

5. ವಿದ್ಯುತ್ ಸುರಕ್ಷತೆ

• 2,000 ವ್ಯಾಟ್ ಹೀಟರ್ 230 ವೋಲ್ಟ್‌ನಲ್ಲಿ ಸುಮಾರು 8.7 ಆಂಪಿಯರ್ ವಿದ್ಯುತ್ ಸೆಳೆಯುತ್ತದೆ. ಆದ್ದರಿಂದ ಅದನ್ನು 6 ಆಂಪಿಯರ್ ಸಾಕೆಟ್‌ಗೆ ಜೋಡಿಸಬಾರದು. 16 ಆಂಪಿಯರ್ ಸಾಕೆಟ್ ಅವಶ್ಯಕ. ಎಕ್ಸ್‌ಟೆನ್ಷನ್ ಬೋರ್ಡ್ ಬಳಸತಕ್ಕದ್ದಲ್ಲ.
• ವೋಲ್ಟೇಜ್ 190ಕ್ಕೆ ಕುಸಿದಲ್ಲಿ ಇದೇ ಹೀಟರ್ ನೀಡುವ ಶಾಖವು ಸುಮಾರು ಮೂರನೆಯ ಎರಡು ಭಾಗಕ್ಕೆ ಇಳಿಯುತ್ತದೆ. ಚಳಿ ತಡೆಯಲಾಗದೆಂದು ಅದೇ ಸಾಕೆಟ್‌ಗೆ ಎರಡನೆಯ ಹೀಟರ್ ಜೋಡಿಸುವುದು ಅಪಾಯಕಾರಿ.
• ವಿದ್ಯುತ್ ಕಡಿತವಾದ ಕೂಡಲೇ ಹೀಟರಿನ ಸ್ವಿಚ್ಚನ್ನು ಆರಿಸಬೇಕು. ಇಲ್ಲವಾದಲ್ಲಿ ಕೊಠಡಿಯಲ್ಲಿ ಯಾರೂ ಇಲ್ಲದ ವೇಳೆಯಲ್ಲಿ ವಿದ್ಯುತ್ ಮರಳಿ, ಹೀಟರ್ ತಾನಾಗಿಯೇ ಚಾಲನೆಗೊಳ್ಳಬಹುದು.
• ಪರದೆ, ಹಾಸಿಗೆ ಮತ್ತು ರತ್ನಗಂಬಳಿಯ ಅಂಚುಗಳಿಂದ ಹೀಟರ್ ಕನಿಷ್ಠ 1 ಮೀಟರ್ ದೂರದಲ್ಲಿರಬೇಕು. ಅದರ ಮೇಲೆ ಒದ್ದೆ ಬಟ್ಟೆ ಒಣಗಿಸಬಾರದು.
• ವಿದ್ಯುತ್ ಕಂಬಳಿಯಿಂದ ಹಾಸಿಗೆಯನ್ನು ಮೊದಲೇ ಬೆಚ್ಚಗಾಗಿಸಿ, ಮಲಗುವ ಮುನ್ನ ಆರಿಸುವುದು ಒಳಿತು. ಅದನ್ನು ಮಡಿಸಿ ಬಳಸಬಾರದು.

6. ಕಾರ್ಬನ್ ಮಾನಾಕ್ಸೈಡ್ ಅಪಾಯ

ಕಟ್ಟಿಗೆ, ಇದ್ದಿಲು ಅಥವಾ ಅನಿಲವು ಸಾಕಷ್ಟು ಗಾಳಿಯಿಲ್ಲದೆ ಉರಿದಾಗ ಕಾರ್ಬನ್ ಮಾನಾಕ್ಸೈಡ್ ಉತ್ಪತ್ತಿಯಾಗುತ್ತದೆ. ಇದಕ್ಕೆ ಬಣ್ಣವಾಗಲೀ ವಾಸನೆಯಾಗಲೀ ಇಲ್ಲ. ಇದು ರಕ್ತದ ಹಿಮೋಗ್ಲೋಬಿನ್‌ನೊಂದಿಗೆ ಬೆರೆತು, ದೇಹಕ್ಕೆ ಆಮ್ಲಜನಕ ದೊರೆಯದಂತೆ ಮಾಡುತ್ತದೆ. ನಿದ್ರೆಯಲ್ಲಿರುವವರು ಎಚ್ಚರಗೊಳ್ಳದೆಯೇ ಮರಣ ಹೊಂದುವ ಸಂಭವವಿರುತ್ತದೆ.

ತಲೆನೋವು, ತಲೆಸುತ್ತು, ವಾಕರಿಕೆ ಮತ್ತು ನಿಶ್ಶಕ್ತಿ ಇದರ ಲಕ್ಷಣಗಳು. ಕೊಠಡಿಯಲ್ಲಿರುವ ಒಬ್ಬರಿಗಿಂತ ಹೆಚ್ಚು ಮಂದಿಗೆ ಏಕಕಾಲಕ್ಕೆ ಇವು ಕಾಣಿಸಿಕೊಂಡಲ್ಲಿ ಚಳಿಯ ಬಾಧೆಯೆಂದು ಭಾವಿಸದೆ, ಎಲ್ಲರೂ ತಕ್ಷಣ ಹೊರಗಾಳಿಗೆ ಬರಬೇಕು. ನಂತರ 112 ಅಥವಾ 108 ಸಂಖ್ಯೆಗೆ ಕರೆ ಮಾಡಬೇಕು. ಹೊರಗೆ ಬಂದೊಡನೆ ಗುಣವೆನಿಸಿದರೂ ವೈದ್ಯಕೀಯ ತಪಾಸಣೆ ಅವಶ್ಯಕ.

ಮಲಗುವ ಮುನ್ನ ಬುಖಾರಿಯ ಬೆಂಕಿ ಸಂಪೂರ್ಣ ಆರಿದೆಯೇ ಎಂದು ನೋಡಬೇಕು. ಕೆಂಡವಿರುವಾಗ ಗಾಳಿಯ ದ್ವಾರವನ್ನು ಅಥವಾ ಹೊಗೆಕೊಳವೆಯನ್ನು ಮುಚ್ಚಬಾರದು. ಅನಿಲ ಹೀಟರ್ ಉರಿಯುತ್ತಿರುವಾಗ ನಿದ್ರಿಸಬಾರದು; ಕಾಂಗ್ರಿಯನ್ನು ಮಲಗುವ ಕೊಠಡಿಯಲ್ಲಿ ಇಟ್ಟುಕೊಳ್ಳಬಾರದು. ಬ್ಯಾಟರಿ ಚಾಲಿತ ಕಾರ್ಬನ್ ಮಾನಾಕ್ಸೈಡ್ ಅಲಾರಂ ಒಂದನ್ನು ಜೊತೆಯಲ್ಲಿ ಒಯ್ಯುವುದು ಉತ್ತಮ.

7. ಕಾಯ್ದಿರಿಸುವ ಮುನ್ನ ವಿಚಾರಿಸಬೇಕಾದ ಅಂಶಗಳು

1) ಹೌಸ್‌ಬೋಟ್ ಅಲ್ಲಿನ ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿಯಾಗಿದೆಯೇ?
2) ಮಲಗುವ ಕೊಠಡಿಯಲ್ಲಿ ಯಾವ ಬಗೆಯ ಹೀಟರ್ ಇದೆ? ಅದಕ್ಕೆ ಥರ್ಮೋಸ್ಟಾಟ್ ಮತ್ತು ಐ.ಎಸ್.ಐ. ಗುರುತು ಇವೆಯೇ?
3) ಹೀಟರ್ ಬಳಕೆಗೆ ಪ್ರತ್ಯೇಕ ಶುಲ್ಕವಿದೆಯೇ?
4) ಅಗ್ನಿಶಾಮಕ ಉಪಕರಣ ಎಲ್ಲಿದೆ? ತುರ್ತಾಗಿ ಹೊರಹೋಗುವ ಮಾರ್ಗ ಯಾವುದು?

ಉತ್ತರಗಳನ್ನು ಲಿಖಿತವಾಗಿ, ಕನಿಷ್ಠ ಮೊಬೈಲ್ ಸಂದೇಶದ ರೂಪದಲ್ಲಿ ಪಡೆದುಕೊಳ್ಳುವುದು ಸೂಕ್ತ.

8. ದೂರು ಸಲ್ಲಿಕೆ

ಹಣ ಪಾವತಿಸಿಯೂ ಒಪ್ಪಿದ ಸೌಲಭ್ಯ ದೊರೆಯದಿದ್ದಲ್ಲಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಗ್ರಾಹಕ ಸಂರಕ್ಷಣಾ ಅಧಿನಿಯಮ, 2019ರ ಮೇರೆಗೆ ದೂರುದಾರರು ತಾವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲಿಯೇ ದೂರು ದಾಖಲಿಸಬಹುದು. ಇದಕ್ಕಾಗಿ ಶ್ರೀನಗರಕ್ಕೆ ಹೋಗಬೇಕಾಗಿಲ್ಲ. ದೂರಿಗೆ ಕಾರಣ ಉದ್ಭವಿಸಿದ ದಿನಾಂಕದಿಂದ 2 ವರ್ಷಗಳೊಳಗೆ ದೂರು ಸಲ್ಲಿಸತಕ್ಕದ್ದು. ಪಾವತಿಸಿದ ಮೊತ್ತ 5 ಲಕ್ಷ ರೂಪಾಯಿ ಮೀರದಿದ್ದಲ್ಲಿ ಶುಲ್ಕವಿರುವುದಿಲ್ಲ. ರಸೀದಿ, ಕಾಯ್ದಿರಿಸಿದ ಪತ್ರ ಮತ್ತು ಸಂದೇಶಗಳ ಪ್ರತಿಗಳನ್ನು ದೂರಿನೊಂದಿಗೆ ಲಗತ್ತಿಸಬೇಕು.

ಸೂಚನೆ: ಬೆಂಕಿ ಕಾಣಿಸಿಕೊಂಡಲ್ಲಿ ಸಾಮಾನು ಸರಂಜಾಮುಗಳನ್ನು ಸಂಗ್ರಹಿಸಲು ನಿಲ್ಲದೆ ಮೊದಲು ಹೊರಬಂದು, ಅಕ್ಕಪಕ್ಕದ ದೋಣಿಗಳವರನ್ನು ಎಚ್ಚರಿಸಿ, 101 ಅಥವಾ 112ಕ್ಕೆ ಕರೆ ಮಾಡಲು ಕೋರಲಾಗಿದೆ.