ನಡೆಸುವ ಯಂತ್ರ

ನಮ್ಮಕ್ಕನಿಗೆ ಲಕ್ವ ಹೊಡೆದು ಎರಡು ತಿಂಗಳಾಗಿತ್ತು. ಬೆಂಗಳೂರಿನ ದೊಡ್ಡ ಆಸ್ಪತ್ರೆಯೊಂದರಲ್ಲಿ ಅವಳನ್ನು ನಡೆಸುವ ಯಂತ್ರಕ್ಕೆ ಏರಿಸಿದರು. ಮೈಗೆ ಪಟ್ಟಿ ಬಿಗಿದು ಮೇಲಿನಿಂದ ತೂಗುಹಾಕಿ, ಎರಡು ಕಾಲಿಗೂ ಮೋಟಾರಿನ ಕಾಲುಗಳನ್ನು ಕಟ್ಟಿ, ಕೆಳಗೆ ಟ್ರೆಡ್‌ಮಿಲ್ ಚಾಲೂ ಮಾಡಿದರು. ಹಿಡಿದು ನಿಲ್ಲಿಸಿದರೂ ಕುಸಿಯುತ್ತಿದ್ದವಳು ಕಣ್ಣೆದುರೇ ಹೆಜ್ಜೆ ಹಾಕತೊಡಗಿದಾಗ ನನಗೆ ಅಳು ಬಂತು. ಅಲ್ಲಿದ್ದ ಹುಡುಗ ಪರದೆಯ ಅಂಕಿಗಳನ್ನು ನೋಡುತ್ತಿದ್ದ. ಅಕ್ಕ ಕಿಟಕಿಯಾಚೆ ನೋಡುತ್ತಿದ್ದಳು.

ಇಳಿಸಿದ ಮೇಲೆ, "ಹೇಗಿತ್ತೇ ಅಕ್ಕ?" ಎಂದೆ.

"ಅದರ ಪಾಡಿಗೆ ಅದು ನಡೀತು ಕಣೇ. ನಾನು ಮನೇಲಿ ಗ್ಯಾಸ್ ಬುಕ್ ಮಾಡಿದಾರೋ ಇಲ್ಲವೋ ಅಂತ ಯೋಚಿಸ್ತಿದ್ದೆ."

ಇಬ್ಬರೂ ನಕ್ಕೆವು. ಆದರೆ ಆ ಮಾತು ನನ್ನನ್ನು ಬಿಡಲಿಲ್ಲ. ಚರಿತ್ರೆ ಪಾಠ ಮಾಡುವವಳಿಗೆ ಏನು ಕಂಡರೂ ಇದು ಎಲ್ಲಿಂದ ಬಂತು ಎಂದು ಹುಡುಕುವ ಚಟ.

ಹುಡುಕಿದರೆ ಕಥೆ ಬೆಕ್ಕಿನಿಂದ ಶುರುವಾಗುತ್ತದೆ. ಮಿದುಳಿನ ಸಂಪರ್ಕ ಕಡಿದರೂ ಬೆಕ್ಕಿನ ಬೆನ್ನುಹುರಿ ತಾನೇ ಹೆಜ್ಜೆಯ ಲಯ ಹುಟ್ಟಿಸಬಲ್ಲದೆಂದು ಬ್ರಿಟನ್ನಿನ ಥಾಮಸ್ ಗ್ರಹಾಂ ಬ್ರೌನ್ 1911ರಲ್ಲಿ ತೋರಿಸಿದ. (ಪಾಪ, ಆ ಬೆಕ್ಕು!) ಮನುಷ್ಯರ ಬೆನ್ನುಹುರಿಗೂ ಹೀಗೆ ಹೆಜ್ಜೆಯನ್ನು ನೆನಪಿಸಬಹುದೇ ಎಂಬ ಆಸೆ ಹುಟ್ಟಿ, ಅದು ಕೈಗೂಡುವ ಹೊತ್ತಿಗೆ ದಶಕಗಳೇ ಕಳೆದವು. ಬೆನ್ನುಹುರಿಗೆ ಪೆಟ್ಟಾದವರನ್ನು ಪಟ್ಟಿಯಲ್ಲಿ ತೂಗುಹಾಕಿ ಟ್ರೆಡ್‌ಮಿಲ್ ಮೇಲೆ ನಡೆಸಿದಾಗ ಕಂಡ ಸುಧಾರಣೆಯನ್ನು ಜರ್ಮನಿಯ ಆಂಟನ್ ವೆರ್ನಿಗ್ 1992ರಲ್ಲಿ ಪ್ರಕಟಿಸಿದರು. ಆದರೆ ಆ ಸೋತ ಕಾಲನ್ನು ಪ್ರತಿ ಹೆಜ್ಜೆಗೂ ಎತ್ತಿ ಇಡುವವರು ಯಾರು? ಪಕ್ಕದಲ್ಲಿ ಬಗ್ಗಿ ಕುಳಿತ ಥೆರಪಿಸ್ಟರು. ರೋಗಿಗಿಂತ ಮೊದಲು ಅವರ ಸೊಂಟ ಸೋಲುತ್ತಿತ್ತು. ಬಾಣಂತನ ಮಾಡಿದ ಹೆಂಗಸರಿಗೆ ಇದನ್ನು ವಿವರಿಸಬೇಕಿಲ್ಲ. ಆ ಕೆಲಸ ಮೋಟಾರಿಗೆ ವಹಿಸಲೆಂದೇ ಜೂರಿಕ್‌ನ ಬಾಲ್‌ಗ್ರಿಸ್ಟ್ ಆಸ್ಪತ್ರೆಯಲ್ಲಿ ಗೇರಿ ಕೊಲೊಂಬೊ ಎಂಬ ಎಂಜಿನಿಯರರೂ ಅವರ ಸಂಗಡಿಗರೂ ಲೋಕೊಮ್ಯಾಟ್ ಎಂಬ ಯಂತ್ರ ಕಟ್ಟಿದರು. 2000ದಲ್ಲಿ ಅದರ ವಿವರ ಪ್ರಕಟವಾಯಿತು, ಮರುವರ್ಷ ಅದು ಮಾರುಕಟ್ಟೆಗೆ ಬಂತು. ಅಕ್ಕ ಹತ್ತಿದ್ದೂ ಆ ಜಾತಿಯದೇ.

ಸೊಂಟವೇನೋ ಉಳಿಯಿತು. ಆದರೆ 2006ರಲ್ಲಿ ಶಿಕಾಗೋದ ಸಂಶೋಧಕರು, ಬೆನ್ನುಹುರಿಗೆ ಅರೆಪೆಟ್ಟಾದ 12 ಜನರನ್ನು ಒಮ್ಮೆ ಯಂತ್ರದಲ್ಲಿ, ಒಮ್ಮೆ ಥೆರಪಿಸ್ಟರ ಕೈಯಲ್ಲಿ ನಡೆಸಿ ಅಳೆದು ನೋಡಿದರು. ಯಂತ್ರದಲ್ಲಿ ನಡೆದಾಗ ರೋಗಿಯ ದೇಹ ಪಡುವ ಶ್ರಮ ಕಡಿಮೆ. ಆದರೆ "ನಿಮ್ಮ ಶಕ್ತಿಯೆಲ್ಲ ಹಾಕಿ" ಎಂದು ಹೇಳಿ ನಡೆಸಿದಾಗ ಆ ವ್ಯತ್ಯಾಸ ಬಹುಮಟ್ಟಿಗೆ ಕರಗಿಹೋಯಿತು.

ಓದಿದಾಗ ನನಗೆ ಒಂದನೇ ತರಗತಿ ನೆನಪಾಯಿತು. ಮಗುವಿನ ಕೈ ಹಿಡಿದು ಸ್ಲೇಟಿನ ಮೇಲೆ 'ಅ' ತಿದ್ದಿಸುತ್ತೇವೆ. ಮಗು ಬಾಗಿಲಾಚೆಯ ಐಸ್‌ಕ್ಯಾಂಡಿ ಗಾಡಿ ನೋಡುತ್ತಿದ್ದರೂ ಅಕ್ಷರ ಮುತ್ತಿನಂತೆ ಮೂಡುತ್ತದೆ. ಕೈ ಬಿಟ್ಟರೆ ಗೊತ್ತಾಗುತ್ತದೆ, ಬರೆದದ್ದು ನಾವು.

2008ರಲ್ಲಿ ಲಕ್ವದ 48 ರೋಗಿಗಳಲ್ಲಿ, 2009ರಲ್ಲಿ 63 ರೋಗಿಗಳಲ್ಲಿ ಹೋಲಿಸಿ ನೋಡಿದಾಗಲೂ ಅಮೆರಿಕದಲ್ಲಿ ಥೆರಪಿಸ್ಟರ ಕೈಯೇ ಮೇಲಾಯಿತು. ಅವರೆಲ್ಲ ಆಗಲೇ ಅಷ್ಟಿಷ್ಟು ನಡೆಯುತ್ತಿದ್ದವರು ಎಂಬುದನ್ನೂ ಹೇಳಬೇಕು. ನಡೆಯಲು ಆಗದವರಿಗೆ, ಅದರಲ್ಲೂ ಮೊದಲ ಮೂರು ತಿಂಗಳಲ್ಲಿ, ಫಿಸಿಯೋಥೆರಪಿಯ ಜೊತೆಗೆ ಯಂತ್ರವೂ ಇದ್ದರೆ ಸ್ವತಂತ್ರವಾಗಿ ನಡೆಯುವ ಸಂಭವ ಹೆಚ್ಚೆಂದು ಆಮೇಲಿನ ಪರಿಶೀಲನೆಗಳು ಹೇಳಿವೆ. ಅಕ್ಕ ಆ ಸಾಲಿನವಳು. ಯಂತ್ರವನ್ನು ಬೈದು ನಾನೇನು ಮಾಡಲಿ?

ನಾಲ್ಕನೆಯ ದಿನ ಬೇರೊಬ್ಬ ಹುಡುಗಿ ಬಂದಳು. "ಅಮ್ಮಾ, ಯಂತ್ರದ ಬಲ ಸ್ವಲ್ಪ ಕಮ್ಮಿ ಮಾಡ್ತೀನಿ. ಎಡಗಾಲು ನೀವೇ ಎತ್ತಬೇಕು. ಎತ್ತಿದರೆ ಆ ಪರದೆ ಮೇಲೆ ಗೆರೆ ಏರುತ್ತೆ, ನೋಡಿ" ಎಂದಳು. ಅಕ್ಕ ಕಿಟಕಿ ಮರೆತಳು. ಗೆರೆ ಏರಿತು. ಹುಮ್ಮಸ್ಸಿನಲ್ಲಿ ನಾನು ಮೊಮ್ಮಗನ ಫೋನ್ ಬಂದದ್ದನ್ನು ಹೇಳತೊಡಗಿದೆ. ಗೆರೆ ಇಳಿಯಿತು.

"ಮೇಡಂ, ಸ್ವಲ್ಪ ಮಾತಾಡದೆ ಕೂತ್ಕೋತೀರಾ?" ಎಂದಳು ಹುಡುಗಿ.

ಮೂವತ್ತು ವರ್ಷ ನಾನು ಮಕ್ಕಳಿಗೆ ಹೇಳಿದ ಮಾತು. ತೆಪ್ಪಗೆ ಕುಳಿತೆ.

ಇಳಿಸಿದಾಗ ಅಕ್ಕನ ರವಿಕೆ ಬೆವರಿನಿಂದ ತೊಯ್ದಿತ್ತು. "ಇವತ್ತು ಸುಸ್ತಾಯ್ತು ಕಣೇ" ಎಂದಳು, ಸಂಭ್ರಮದಿಂದ.